ಬೈಗುಳಕ್ಕೆ ಕಾದವಳು

ನಮ್ಮತ್ತೆ ಮರಿತಾಯಮ್ಮ ಅಮೆರಿಕದ ಬೆರ್ರಿಯೆಸಾ ಬಡಾವಣೆಯ ನಮ್ಮ ಮನೆಗೆ ಬಂದದ್ದು ಎಂಬತ್ತಾರರ ಬೇಸಿಗೆಯಲ್ಲಿ. ಮಂಡ್ಯದ ಗೌಡರ ಮಗ ಬೆಂಗಳೂರಿನ ಅಯ್ಯಂಗಾರರ ಹುಡುಗಿಯನ್ನು ಕಟ್ಟಿಕೊಂಡನೆಂದು ನಮ್ಮ ಮದುವೆಗೆ ಅವರು ಬಂದಿರಲಿಲ್ಲ. ಹಾಗಾಗಿ ಏರ್‌ಪೋರ್ಟಿನಲ್ಲಿ ನಾನು ಗಂಡನ ಬೆನ್ನ ಹಿಂದೆ ನಿಂತುಕೊಂಡಿದ್ದೆ.

ಮಗನನ್ನು ಕಂಡೊಡನೆ, "ಏನ್ಲಾ ಕತ್ತೆ, ಬರೀ ಮೂಳೆ ಆಗಿದ್ದೀಯಲ್ಲೋ!" ಎಂದು ಬೆನ್ನಿಗೊಂದು ಗುದ್ದಿದರು. ನನ್ನ ಕಡೆ ತಿರುಗಿ, "ಚೆನ್ನಾಗಿದ್ದೀರಾ ತಾಯಿ?" ಎಂದರು.

ಅಂದಿನಿಂದ ಎರಡೂವರೆ ತಿಂಗಳು ನನಗೆ ಬರೀ ಹೊಗಳಿಕೆ. ನಾನು ಕಟ್ಟಿದ ಮುದ್ದೆ ಗಂಟುಗಂಟಾಗಿದ್ದರೂ "ಬಲು ಚೆನ್ನಾಗದೆ" ಎನ್ನುವರು. ಮಗನಿಗೆ ದಿನಕ್ಕೆ ಹತ್ತು ಬೈಗುಳ. ಪಕ್ಕದ ಮನೆಯ ಬೆಕ್ಕಿಗೂ ಎರಡೇ ದಿನದಲ್ಲಿ "ಕಳ್ ಮುಂಡೇದು" ಎಂಬ ಬಿರುದು ಸಿಕ್ಕಿತು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ನನಗೆ!

ನನ್ನ ಗಂಡ ಚೆಲುವರಾಜುಗೆ ಇದೆಲ್ಲ ತಮಾಷೆ. "ನಮ್ಮವ್ವ ಬೈದ್ರೆ ನಮ್ಮೋರು ಅಂತ, ಹೊಗಳಿದ್ರೆ ನೆಂಟ್ರು ಅಂತ. ನಿಂಗಿನ್ನೂ ಪ್ರಮೋಷನ್ನು ಬಂದಿಲ್ಲ ಕಣೇ ಮೈಥಿಲಿ" ಎಂದು ನಗುತ್ತ ಮಿಲ್ಪಿಟಾಸಿನ ಆಫೀಸಿಗೆ ಹೊರಡುತ್ತಿದ್ದ.

ಅತ್ತೆ ಊರಿಗೆ ಹೊರಡಲು ಒಂದೇ ವಾರ ಉಳಿಯಿತು. ಅವರಿಗೆ ನಾನು ನೆಂಟರವಳಾಗಿಯೇ ಉಳಿದುಬಿಡುತ್ತೇನೆ ಎಂಬ ಸಂಕಟ ನನ್ನನ್ನು ತಿನ್ನುತ್ತಿತ್ತು.

ಆ ಶನಿವಾರ ಅವರು ಅಲಸಂದೆ ಕಾಳು, ಸೊಪ್ಪು ಬೇಯಲು ಇಟ್ಟು ಸ್ನಾನಕ್ಕೆ ಹೋದರು. ಸಹಾಯ ಮಾಡೋಣವೆಂದು ನಾನು ಬೆಂದದ್ದನ್ನೆಲ್ಲ ತೂತಿನ ಪಾತ್ರೆಗೆ ಸುರಿದೆ. ತವರಿನಲ್ಲಿ ಪಲ್ಯಕ್ಕೆ ಹಾಗೇ ಮಾಡುತ್ತಿದ್ದೆವು. ನೀರೆಲ್ಲ ಗೊಳಗೊಳ ಸಿಂಕಿಗೆ ಇಳಿಯಿತು.

ತಲೆಗೆ ಟವೆಲ್ಲು ಸುತ್ತಿಕೊಂಡು ಬಂದ ಅತ್ತೆ ಒಲೆಯ ಕಡೆ ನೋಡಿದರು. "ಕಟ್ಟು ಎಲ್ಲಿ?"

"ಬಸಿದ ನೀರಾ ಅತ್ತೆ? ಚೆಲ್ಲಿದೆ."

"ಅಯ್ಯೋ ನಿನ್ ಮನೆ ಎಕ್ಕುಟ್ಟೋಗ! ಬಸ್ಸಾರು ಮಾಡೋ ನೀರ್ನೇ ಚೆಲ್‌ಬುಟ್ಯಲ್ಲೇ! ಎಷ್ಟ್ ಓದಿದ್ರೇನು, ಬರೀ ಪುಸ್ತಕದ್ ಬದ್ನೆಕಾಯಿ!"

ನನ್ನ ಕಣ್ಣು ತುಂಬಿತು. ಅತ್ತೆ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. "ತಪ್ಪಾಯ್ತು ತಾಯಿ, ನೀವು..."

ನಾನು ಅವರ ಒದ್ದೆ ಕೈ ಹಿಡಿದುಕೊಂಡೆ. "'ನೀವು' ಅನ್ಬೇಡಿ ಅತ್ತೆ. ಇನ್ನೊಂದ್ಸಲ ಬೈಯಿರಿ. ಮನೆ ಎಕ್ಕುಟ್ಟೋದ್ರೆ ಹೋಗ್ಲಿ, ಅದು ನಿಮ್ ಮನೇನೂ ಅಲ್ವಾ?"

ಅವರು ಬೆಂದ ಸೊಪ್ಪನ್ನೆಲ್ಲ ಮತ್ತೆ ಪಾತ್ರೆಗೆ ಸುರಿದು ನನ್ನ ಕೈಗಿಟ್ಟರು.

"ನೀರ್ ಉಯ್ಯಿ, ಕತ್ತೆ" ಎಂದರು.