ಮಾವನ ಹೆಸರಿನ ಕಥಾನಾಯಕ

ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತಾಡಲು ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದೇ ನನ್ನ ದೊಡ್ಡ ಅಪರಾಧವಾಯಿತು. ನರೀನ್ ಊರಿನ ನಮ್ಮ ಬೀದಿಯ ಒಂಬತ್ತು ಸೊಸೆಯರು ಅದರಲ್ಲಿದ್ದರು. ಹಾಲು ಕಾಯಿಸುತ್ತ, ಮಗು ತೂಗುತ್ತ ಓದುವುದು, ಅನಿಸಿದ್ದನ್ನು ಬರೆಯುವುದು, ಅಷ್ಟೆ. ನಾದಿನಿ ಐಜಿರೆಕ್‌ಳನ್ನೂ ನಾನೇ ಸೇರಿಸಿದೆ. ಬಸ್ಸಿನಲ್ಲಿ ಹುಡುಗನೊಬ್ಬನ ಪಕ್ಕ ಕೂತಿದ್ದಳೆಂದು ನೆರೆಯವರು ಆಡಿಕೊಂಡರಂತೆ. ಮಾವ ಅವಳ ನರ್ಸಿಂಗ್ ಓದು ಬಿಡಿಸಿ ಮನೆಯಲ್ಲಿ ಕೂರಿಸಿ ಎರಡು ವರ್ಷವಾಗಿತ್ತು.

ಮೊದಲ ಕಾದಂಬರಿಯಲ್ಲೇ ಗ್ರಹಚಾರ ಕಾದಿತ್ತು. ಕಥಾನಾಯಕನ ಹೆಸರು ಜುಮಾದಿಲ್. ನನ್ನ ಮಾವನದೂ ಅದೇ. ನಮ್ಮ ಕಿರ್ಗಿಜರಲ್ಲಿ ಸೊಸೆಯಾದವಳು ಮಾವನ, ಭಾವನ ಹೆಸರೆತ್ತುವಂತಿಲ್ಲ. ಹಾಗಾಗಿ "ಆ ಮನುಷ್ಯ" ಎಂದು ಬರೆದೆ. ಯಾವ ಮನುಷ್ಯ ಎಂದು ಎಲ್ಲರೂ ಕೇಳಿದರು. ಪಕ್ಕದ ಮನೆಯ ಸೊಸೆಯ ಭಾವನಿಗೆ ಕಥೆಯ ಕುದುರೆ ಕಳ್ಳನ ಹೆಸರು. ಅವಳೂ "ಆ ಮನುಷ್ಯ" ಎಂದೇ ಬರೆಯುತ್ತಿದ್ದಳು. ಒಂದು ವಾರ ಯಾರು ಯಾರನ್ನು ಬೈಯುತ್ತಿದ್ದೇವೆಂದೇ ತಿಳಿಯಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಬರೆದೇಬಿಟ್ಟೆ: "ಜುಮಾದಿಲ್ ಒಬ್ಬ ಹೇಡಿ. ನೆರೆಯವರ ಬಾಯಿಗೆ ಹೆದರಿ ಮಗಳ ಓದು ಬಿಡಿಸಿದ." ಬರೆದದ್ದು ಪುಸ್ತಕದವನ ಬಗ್ಗೆಯೇ. ಬರೆಯುವಾಗ ಯಾರ ಮುಖ ಕಣ್ಣ ಮುಂದಿತ್ತು ಎಂದು ಮಾತ್ರ ಕೇಳಬೇಡಿ.

ಮರುದಿನ ಮಧ್ಯಾಹ್ನ ಮನೆಯವರೆಲ್ಲ ಚಹಾಕ್ಕೆ ಕೂತಾಗ ಅತ್ತೆ ಶುರು ಮಾಡಿದರು. ಐಜಿರೆಕ್ ಅವರಿಗೆ ಅದನ್ನು ತೋರಿಸಿದ್ದಳು. ಕರೆದು ಸೇರಿಸಿದ್ದಕ್ಕೆ ಒಳ್ಳೆಯ ಉಡುಗೊರೆ! ನನ್ನ ಮೈಯೆಲ್ಲ ಉರಿದುಹೋಯಿತು. ಮನೆಯ ಮಾನ ಹರಾಜು ಹಾಕಿದೆ ಎಂದರು ಅತ್ತೆ. ಗಂಡ ಉಲಾನ್ ಕರಿದ ಬೊರ್ಸೊಕ್ ಅಗಿಯುತ್ತ, ಗುಂಪು ಅಳಿಸಿ ತಪ್ಪಾಯ್ತು ಅಂದುಬಿಡು, ಮುಗಿಯಿತು ಎಂದ. ಅವನಿಗೇನು, ಮುಗಿಯುತ್ತದೆ. ಕೈಲಿದ್ದ ಕೆಟಲಿನ ಬಿಸಿ ಚಹಾ ಅವನ ಮಡಿಲಿಗೇ ಹೊಯ್ಯಬೇಕೆನಿಸಿತು. ಬಟ್ಟಲಿಗೇ ಹೊಯ್ದೆ.

"ಅಳಿಸಲ್ಲ," ಎಂದೆ. "ಪುಸ್ತಕದಲ್ಲಿರೋದನ್ನೇ ಬರ್ದಿದೀನಿ. ಬೇಕಾದ್ರೆ ನನ್ನನ್ನೇ ತವರಿಗೆ ಕಳ್ಸಿ."

ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. ಮಾವ ಅವರನ್ನು ಸುಮ್ಮನಿರಿಸಿ ಐಜಿರೆಕ್ ಕಡೆ ತಿರುಗಿದರು. ಮಗಳಿಗೆ ಆ ಹೆಸರು ಹೇಳಲು ಅಡ್ಡಿಯಿಲ್ಲ.

"ಅದೇನು ಬರ್ದಿದಾಳೋ, ನೀನೇ ಓದು."

ಐಜಿರೆಕ್ ಫೋನ್ ತೆಗೆದು ನೆಟ್ಟಗೆ ಕೂತಳು. ಹೇಡಿ ಎಂಬುದನ್ನೂ ಓದಿದಳು, ಮಗಳ ಓದು ಬಿಡಿಸಿದ್ದನ್ನೂ ಓದಿದಳು. ಆಮೇಲೆ ಯಾರೂ ಕೇಳದಿದ್ದರೂ ಮೊದಲಿನಿಂದ ಇನ್ನೊಮ್ಮೆ ಹೇಳಿದಳು, ಈ ಸಲ ಫೋನ್ ನೋಡದೆ, ಮಾವನನ್ನು ನೋಡುತ್ತ. ಅವಳು ಚಾಡಿ ಹೇಳಿರಲಿಲ್ಲ, ಅಪ್ಪನ ಕಿವಿಗೆ ಬೀಳಲೆಂದೇ ತೋರಿಸಿದ್ದಳು ಎಂಬುದು ನನಗೆ ಆಗಷ್ಟೇ ಹೊಳೆಯಿತು.

ಮಾವ ಬಟ್ಟಲು ಕೆಳಗಿಟ್ಟರು. "ಇದು ನಿಜವಾಗ್ಲೂ ಪುಸ್ತಕದಲ್ಲಿದ್ಯಾ?"

"ಪುಸ್ತಕದಲ್ಲೂ ಇದೆ, ಅಪ್ಪ," ಎಂದಳು ಐಜಿರೆಕ್.

ಗುಂಪು ಅಳಿಸು ಎಂದು ಆಮೇಲೆ ಆ ಮನೆಯಲ್ಲಿ ಯಾರೂ ಅನ್ನಲಿಲ್ಲ.