ಡೈನಮೊಗೆ ಬಳಿದ ಕುಂಕುಮ

ಆಯುಧಪೂಜೆಯ ದಿನ ದೊರೆಯ ಮೋಟಾರಿಗೆ ಕುಂಕುಮ ಹಚ್ಚಿದವಳು ನಾನೇ. ಸಿದ್ದಾಪುರದ ಹತ್ತಿರದ ಅವರ ಕಾಫಿ ಎಸ್ಟೇಟಿನಲ್ಲಿ ನಮ್ಮವರು ಡ್ರೈವರ್, ನಾನು ಕಳೆ ಕೀಳುವ ಗುಂಪಿನವಳು. ಗಂಡನ ಹೆಸರು ನಾನು ಹೇಳುವುದಿಲ್ಲ, ಬೇರೆಯವರು ಕರೆದಾಗ ನಿಮಗೇ ತಿಳಿಯುತ್ತದೆ. ಅವತ್ತು ಅವರು ಮೋಟಾರು ತೊಳೆದು, ಮುಚ್ಚಳ ಎತ್ತಿ, "ನೋಡು, ಇದು ಡೈನಮೊ. ಎಂಜಿನ್ ಓಡುವಾಗ ಇದು ತಿರುಗಿ ಕರೆಂಟು ಮಾಡ್ತದೆ, ಬ್ಯಾಟರಿಗೆ ತುಂಬ್ತದೆ" ಎಂದು ತೋರಿಸಿ, ಚಕ್ರದ ಕೆಳಗಿಡಲು ನಿಂಬೆಹಣ್ಣು ತರಲು ಹೋದರು. ಇಷ್ಟೆಲ್ಲ ಮಾಡುವ ಸಾಮಾನಿಗೆ ಹೊರಗೊಂದು ಬೊಟ್ಟಿಟ್ಟರೆ ಆದೀತೇ? ಅದರ ಸುತ್ತ ಒಂದು ತಗಡಿನ ಪಟ್ಟಿ, ಪಟ್ಟಿಗೊಂದು ಸ್ಕ್ರೂ. ಬಿಚ್ಚಿದೆ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಳಗಿನ ತಾಮ್ರಕ್ಕೆ ಧಾರಾಳವಾಗಿ ಬಳಿದು, ಕೈಮುಗಿದು, ಮತ್ತೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಅಂತ ಅನಿಸಲೇ ಇಲ್ಲ.

ಐದು ದಿನಕ್ಕೆ ಮೋಟಾರು ವಿರಾಜಪೇಟೆ ದಾರಿಯಲ್ಲಿ ನಿಂತುಬಿಟ್ಟಿತು. ಬ್ಯಾಟರಿ ಖಾಲಿ. ಒಳಗೆ ದೊರೆಸಾನಿ ಕೂತಿದ್ದ ಹಾಗೆಯೇ ಎರಡೆತ್ತು ಕಟ್ಟಿ ಎಳೆದುಕೊಂಡು ಬಂದರು. ಕೂಲಿಗಳ ಲೈನುಮನೆಯವರೆಲ್ಲ ಸಾಲಾಗಿ ನಿಂತು ನೋಡಿ ನಕ್ಕರು. ದೊರೆಗೆ ಸಿಟ್ಟು ಬರದೆ ಇನ್ನೇನು? "ಶುಕ್ರವಾರ ನಾನು ಮಡಿಕೇರಿಗೆ ಹೋಗಬೇಕು. ಅಷ್ಟರಲ್ಲಿ ಸರಿಯಾಗದಿದ್ದರೆ ಈ ಹಳೇ ಮೋಟಾರು ಮಾರಿಬಿಡ್ತೇನೆ. ಜವರ ಗುದ್ದಲಿ ಹಿಡಿಯಲಿ" ಎಂದುಬಿಟ್ಟರು.

ಅಯ್ಯೋ, ಗುದ್ದಲಿಯಂತೆ! ಸ್ಟೀರಿಂಗ್ ಮುಟ್ಟುವುದಕ್ಕೆ ಆ ಮನುಷ್ಯ ಏಳು ವರ್ಷ ಕ್ಲೀನರ್ ಆಗಿ ಬೈಸಿಕೊಂಡಿದ್ದರು. ಖಾಕಿ ಕೋಟು ತೊಟ್ಟು ಹೊರಟರೆ ನೋಡಲು ನನಗೆ ಎರಡು ಕಣ್ಣು ಸಾಲುತ್ತಿರಲಿಲ್ಲ.

ವಿರಾಜಪೇಟೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿಸಿ ತಂದರು. ಎಂಜಿನ್ ಓಡುವಾಗ, ಬ್ಯಾಟರಿಗೆ ಕರೆಂಟು ತುಂಬುತ್ತಿದೆ ಎಂದು ತೋರಿಸಲು ಸ್ಟೀರಿಂಗ್ ಮುಂದಿನ ಗಾಜಿನೊಳಗಿನ ಮುಳ್ಳು ಬಲಕ್ಕೆ ವಾಲಬೇಕಂತೆ. ಅದು ಎಡಕ್ಕೇ ಬಿದ್ದುಕೊಂಡಿತ್ತು. ಬ್ಯಾಟರಿಯ ತುದಿಗಳಲ್ಲಿದ್ದ ಹಸಿರು ಕಿಲುಬನ್ನು ಬಿಸಿನೀರಿನಲ್ಲಿ ತೊಳೆದರು. ಮುಳ್ಳು ಏಳಲಿಲ್ಲ. ಬೆಲ್ಟು ಒತ್ತಿ ನೋಡಿ ಬಿಗಿ ಮಾಡಿದರು. ಏಳಲಿಲ್ಲ. ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ಹೋದರು. ಡೈನಮೊ ಮಾತ್ರ ಮುಟ್ಟಲಿಲ್ಲ. ಎಸ್ಟೇಟಿನ ಹಾಜರಿ ಬರೆಯುವ ರೈಟರು ದೇರಪ್ಪ, ದೊರೆ ಹೇಳಿದ್ದಾರೆಂದು ದುರಸ್ತಿ ನಡೆದ ಮೂರು ದಿನವೂ ಮೋಟಾರು ಷೆಡ್ಡಿನಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದರು. ಸಂಜೆಗೆ ಬೀಗ ಹಾಕಿ ಕೀಲಿಯನ್ನೂ ಒಯ್ಯುತ್ತಿದ್ದರು.

"ಅದನ್ನೂ ಒಂದು ಸಲ ಬಿಚ್ಚಿ ನೋಡು ಮಾರಾಯ" ಎಂದು ರೈಟರು ಹೇಳಿದರೆ, "ರೈಟರೇ, ಅದು ಪೂಜೆ ಮಾಡಿದ್ದು. ಕುಂಕುಮ ತಾನಾಗಿ ಉದುರೋ ತನಕ ಕೈ ಹಾಕಬಾರ್ದು" ಎನ್ನುತ್ತಿದ್ದರು ನಮ್ಮವರು. ಲೈನಿನಲ್ಲಿ ಆ ಪದ್ಧತಿ ಇದ್ದದ್ದು ನಿಜ. ದೇರಪ್ಪನವರೂ ಹೌದೆಂದು ತಲೆಯಾಡಿಸಿದರು.

ಗುರುವಾರ ಕೆಲಸ ಬಿಟ್ಟವಳೇ ನೇರ ಷೆಡ್ಡಿಗೆ ಹೋದೆ. ರೈಟರು ದೊರೆಯನ್ನು ಕಾಣಲು ಆಗಷ್ಟೇ ಬಂಗಲೆಗೆ ಹೋಗಿದ್ದರು. ನಮ್ಮವರು ಸ್ಕ್ರೂಡ್ರೈವರ್ ಹಿಡಿದುಕೊಂಡು ಮೋಟಾರಿಗೆ ಒರಗಿ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೇನು, ನಾಳೆ ಗುದ್ದಲಿಗೂ ಕುಂಕುಮ ಹಚ್ಲಾ? ಮುಟ್ಟಿದ್ರೆ ದೇವ್ರು ನಿಮ್ಮ ಕೈ ಕಚ್ತದಾ? ಕೊಡಿ ಇಲ್ಲಿ!"

ಕಿತ್ತುಕೊಂಡು ಪಟ್ಟಿ ಬಿಚ್ಚಿದೆ. ಎಣ್ಣೆ, ಕುಂಕುಮ, ಕರಿ ಪುಡಿ ಎಲ್ಲ ಕಲೆತು ತಾಮ್ರದ ಮೇಲೆ ಮೆತ್ತಿಕೊಂಡಿತ್ತು. ತಾಮ್ರಕ್ಕೆ ಒತ್ತಿ ನಿಂತು ಕರೆಂಟು ಎತ್ತಿಕೊಳ್ಳಬೇಕಾದ ಕಾರ್ಬನ್ ತುಂಡುಗಳು ಆ ರಾಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಬೆರಳಲ್ಲಿ ಮುಟ್ಟಿ ನೋಡಿದೆ, ನಾನು ಬಳಿದದ್ದೇ.

"ಇದು ನಾನು..."

"ಗೊತ್ತು" ಎಂದರು. "ಮೊದಲ್ನೇ ದಿನಾನೇ ಪಟ್ಟಿ ಸಂದೀಲಿ ಕೆಂಪು ಕಂಡಿತ್ತು."

"ಮತ್ತೆ ಬಿಚ್ಲಿಲ್ಲ ಯಾಕೆ?"

"ರೈಟರ ಮುಂದೆ ಹೆಂಗೆ ಬಿಚ್ಲಿ? ಹಚ್ಚಿದ್ಯಾರು ಅಂತ ಕೇಳ್ತಿದ್ರು. ದೊರೆಸಾನೀನ ಎತ್ತಿನ ಹಿಂದೆ ಬರೋ ಹಂಗೆ ಮಾಡಿದವಳನ್ನ ಎಸ್ಟೇಟಲ್ಲಿ ಇಟ್ಕೊಳ್ತಾರಾ? ಅವ್ರು ಅತ್ಲಾಗೆ ಹೋಗ್ಲಿ ಅಂತ ಮೂರು ದಿನ ಕಾದೆ. ಈಗ ಹೋದ್ರು, ಅಷ್ಟರಲ್ಲಿ ನೀನು ಬಂದೆ."

ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಪೆಟ್ರೋಲಿನ ಬಟ್ಟೆಯಲ್ಲಿ ನಾನು ಒರೆಸಿದೆ, ನುಣುಪು ಮರಳುಕಾಗದದಲ್ಲಿ ಅವರು ಉಜ್ಜಿದರು. ಪಟ್ಟಿ ಮುಚ್ಚಿ ಹ್ಯಾಂಡಲ್ ತಿರುವಿದರು. ಎಂಜಿನ್ ಗುರುಗುಟ್ಟಿತು. ಮುಳ್ಳು ಅಲ್ಲಾಡಿತು, ಎದ್ದಿತು, ಬಲಕ್ಕೆ ಹೋಗಿ ನಿಂತಿತು! ನಾನು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿಬಿಟ್ಟೆ.

ಸದ್ದು ಕೇಳಿ ದೊರೆಯೂ ರೈಟರೂ ಬಂದರು. ದೊರೆ ಮುಳ್ಳು ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ಕೆಂಪು ಬಟ್ಟೆ ನೋಡಿದರು.

"ಏನಾಗಿತ್ತು, ಜವರ?"

"ಪೂಜೇಲಿ ನಾನೇ ಎಣ್ಣೆ, ಕುಂಕುಮ... ಗೊತ್ತಿಲ್ದೆ ಒಳಗೆ... ಅಂದ್ರೆ ಗೊತ್ತಿತ್ತು ದೊರೆ, ಮರ್ತುಹೋಗಿತ್ತು..."

ಆ ಸುಳ್ಳಿಗೆ ತಲೆಯಿಲ್ಲ, ಬುಡವಿಲ್ಲ. ನನಗೆ ತಡೆಯಲಾಗಲಿಲ್ಲ. "ಅವ್ರಲ್ಲ ದೊರೆ, ಬಳಿದದ್ದು ನಾನು. ಹೊರಗೆ ಹಾಕೋದಾದ್ರೆ ನನ್ನ ಹಾಕಿ" ಎಂದೆ.

ದೊರೆ ಒಮ್ಮೆ ನನ್ನ ಮುಖ, ಒಮ್ಮೆ ನಮ್ಮವರ ಮುಖ ನೋಡಿದರು. "ಒರೆಸಿದ್ದು ಯಾರು?"

"ಅದೂ ನಾನೇ."

"ಇನ್ನು ಮೇಲೆ ಪೂಜೆ ಹೊರಗಿನಿಂದ ಮಾತ್ರ" ಎಂದರು. ಮೀಸೆಯಡಿಯ ನಗು ನನಗೆ ಕಂಡಿತು. "ಜವರ, ನಾಳೆ ಏಳು ಗಂಟೆಗೆ ಮಡಿಕೇರಿ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಗಂಡ ಒಂದು ದಿನವೂ ನನ್ನ ಮೇಲೆ ಪ್ರೀತಿ ಅಂತ ಬಾಯಿಬಿಟ್ಟು ಹೇಳಿದವರಲ್ಲ. ಅವತ್ತು ದೊರೆಯ ಮುಂದೆ ನಿಂತು ತೊದಲಿ ತೊದಲಿ ಸುಳ್ಳು ಹೇಳಿದರಲ್ಲ, ಅಷ್ಟು ಚೆಂದದ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ.