ಸೋಫಾಕ್ಕೆ ಬೆನ್ನು ಹಾಕಿದ ಚಿಪ್ಪು

“ಏಳನೇ ಕ್ಲಾಸು ದಾಟದವನು ನನಗೆ ಸಮುದ್ರದ ಪಾಠ ಹೇಳಿಕೊಡ್ತಾನಂತೆ, ನೋಡಿ ಕೇಶವಮೂರ್ತಿ! ಲೇ, ನಿನ್ನನ್ನ ಕರೆಸಿರೋದು ನೀರು ಹೊರೋದಕ್ಕೆ. ಹೊತ್ತು ಹಾಕಿದ್ದಾಯ್ತು ತಾನೆ? ಇನ್ನು ಬಾಯಿ ಮುಚ್ಚಿಕೊಂಡು ಆ ಚಿಪ್ಪನ್ನ ಟ್ಯಾಂಕಿಗೆ ಹಾಕು.”

ತಿರುಮಲೇಶ ಇಷ್ಟನ್ನೂ ಅಂದದ್ದು ಎಂಟು ಜನರ ಎದುರಿಗೆ. ಭಾನುವಾರ ಬೆಳಗ್ಗೆ ಮಾಟುಂಗದ ಅವನ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಕನ್ನಡ ಸಂಘದ ಕಮಿಟಿ ಸೇರಿತ್ತು. ಕಮಿಟಿಯವರು ಕಾಫಿ ಲೋಟ ಹಿಡಿದುಕೊಂಡೇ ಮೊದಲು ತಿರುಮಲೇಶನ ಮುಖ ನೋಡಿದರು. ಅವನು ನಗುತ್ತಿದ್ದಾನೆಂದು ಖಾತ್ರಿಯಾದ ಮೇಲೆ ತಾವೂ ನಕ್ಕರು. ಕಾರ್ಯದರ್ಶಿ ಕೇಶವಮೂರ್ತಿ ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ನಕ್ಕು ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡ.

ಗ್ರಾಂಟ್ ರೋಡಿನ ಬಣ್ಣದ ಮೀನಿನ ಅಂಗಡಿಯ ಆಳು ದಾನಪ್ಪ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಮೊಣಕಾಲುಗಳ ನಡುವೆ ಒಂದು ಬಕೆಟ್ಟು, ಬಕೆಟ್ಟಿನ ತಳದಲ್ಲಿ ಅಂಗೈಯಗಲದ ಒಂದು ಜೀವಂತ ಚಿಪ್ಪು. ದವಾಖಾನೆಯಲ್ಲಿ ರೋಗಿಗಳ ಕೈಗೆ ಚುಚ್ಚುವ ಸಲಾಯಿನ್ ನಳಿಗೆಯೊಂದನ್ನು ಅವನು ಗಾಜಿನ ತೊಟ್ಟಿಯಿಂದ ಬಕೆಟ್ಟಿಗೆ ಇಳಿಬಿಟ್ಟಿದ್ದ. ತೊಟ್ಟಿಯ ನೀರು ತೊಟ್ಟು ತೊಟ್ಟಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಅಂಗಡಿಯ ನೀರಿನ ಉಪ್ಪು ಬೇರೆ, ಈ ತೊಟ್ಟಿಯ ಉಪ್ಪು ಬೇರೆ, ಕಾವೂ ಬೇರೆ. ಒಮ್ಮೆಲೇ ಎತ್ತಿ ಹಾಕಿದರೆ ಚಿಪ್ಪಿನೊಳಗಿನ ಜೀವಕ್ಕೆ ಏಟು ಬೀಳುತ್ತದೆ. “ಇನ್ನೊಂದು ತಾಸು ತಡೀರಿ ಸಾಹೇಬ್ರ” ಅಂದದ್ದು, ಅಷ್ಟೇ ಅವನು ಮಾಡಿದ ತಪ್ಪು.

ಅವನ ಕಿವಿಗಳು ಕಾದ ಹಂಚಿನಂತಾದವು. ಬಕೆಟ್ಟು ಎತ್ತಿ ಆ ಮೈಸೂರು ಕಡೆಯ ಬೋಳುತಲೆಯ ಮೇಲೆ ಮಗುಚಿ ಹೊರಟುಬಿಡುವುದು ಒಂದು ಕ್ಷಣದ ಕೆಲಸವಾಗಿತ್ತು. ಆದರೆ ಬಕೆಟ್ಟಿನಲ್ಲಿ ಚಿಪ್ಪಿತ್ತಲ್ಲ.

ಇಂಥ ಚಿಪ್ಪು ಲಕ್ಷದ್ವೀಪದ ಕಡೆಯಿಂದ ಅಂಗಡಿಗೆ ಬಂದವು ಮೂರೇ ಮೂರು. ಒಂದನ್ನು ವರ್ಲಿಯ ಒಬ್ಬ ಬಿಲ್ಡರ್ ಕೊಂಡು ನಾಲ್ಕೇ ದಿನದಲ್ಲಿ ಕೊಂದ. ಎರಡನೆಯದನ್ನು ಜುಹೂ ಕಡೆಯ ಹೋಟೆಲಿನವರು ಬಾಗಿಲ ಬಳಿಯ ಕತ್ತಲೆಯಲ್ಲಿಟ್ಟು ಕೊಳೆಸಿದರು. ಈ ಮೂರನೆಯದನ್ನು ದಾನಪ್ಪ ಅಂಗಡಿಯ ಹಿಂದಿನ ಟಬ್ಬಿನಲ್ಲಿ ಹನ್ನೆರಡು ದಿನ ಸಾಕಿದ್ದ. ಮೊದಲೆಲ್ಲ ಅವನ ನೆರಳು ಬಿದ್ದರೆ ಸಾಕು, ಪಟ್ಟೆಂದು ಮುಚ್ಚಿಕೊಳ್ಳುತ್ತಿತ್ತು. ಎಂಟನೇ ದಿನದ ಹೊತ್ತಿಗೆ ಅವನು ಬಗ್ಗಿದರೂ ಮುಚ್ಚಲಿಲ್ಲ. ಚಿಪ್ಪಿನ ಅಂಚಿನಿಂದ ಹೊರಚೆಲ್ಲಿದ ಮಾಂಸ, ನವಿಲಿನ ಕೊರಳಿನ ನೀಲಿ, ಹಾಗೇ ಹರವಿಕೊಂಡಿತ್ತು. ಅವತ್ತಿನಿಂದ ಅವನಿಗೆ ಒಂದೇ ಹಟ. ಈ ಹಾಳು ಊರಿನಲ್ಲಿ ಒಂದಾದರೂ ಚಿಪ್ಪು ಕಲ್ಲು ಹಿಡಿದು ಬದುಕಬೇಕು. ಉಳಿದ ಎರಡು ಸತ್ತಾಗ ಅವನು ನೋಡುತ್ತ ನಿಂತಿದ್ದ. ಇದಕ್ಕೆ ಹಾಗಾಗಬಾರದು.

ಅದಕ್ಕೇ ಕಿವುಡನಂತೆ ಕೂತ. ತೊಟ್ಟುಗಳನ್ನು ನೋಡುತ್ತ ಪೂರಾ ಒಂದು ತಾಸು ಕೂತ. ಕಮಿಟಿಯವರಿಗೇ ಬೇಸರ ಬಂತು.

“ಇದು ಮರಾಠಿಯವರು ತಿನ್ನೋ ತಿಸ್ರ್ಯಾ ಚಿಪ್ಪು ಅಲ್ವೇನ್ರೀ? ಸ್ಟೇಷನ್ ಹತ್ರ ಮೀನುಗಾರ ಹೆಂಗಸರು ಬುಟ್ಟಿಗಟ್ಟಲೆ ಮಾರ್ತಾರಲ್ಲ!” ಅಂದರು ಯಾರೋ.

“ಅದು ತಿನ್ನೋದು, ಇದು ನೋಡೋದು” ಅಂದ ತಿರುಮಲೇಶ. “ಸಿಂಗಾಪುರದ ಹೋಟೆಲಿನಲ್ಲಿ ಇದನ್ನ ನೋಡೋಕೆ ಜನ ಮುಗಿಬೀಳ್ತಿದ್ರು.” ಕಂಪನಿಯ ಕೆಲಸದ ಮೇಲೆ ಒಂದೇ ಒಂದು ಸಲ ಸಿಂಗಾಪುರಕ್ಕೆ ಹೋಗಿ ಬಂದವನು. ಅಲ್ಲಿಂದಾಚೆ ಅವನ ಬಾಯಲ್ಲಿ ಪ್ರತಿ ಮೂರನೆಯ ಮಾತು ಸಿಂಗಾಪುರವೇ.

ತಾಸು ಮುಗಿದ ಮೇಲೆ ದಾನಪ್ಪ ತೋಳಿನವರೆಗೆ ಕೈ ಅದ್ದಿ, ಚಿಪ್ಪನ್ನು ಒಂದು ಚಪ್ಪಟೆ ಕಲ್ಲಿನ ಮೇಲೆ ಕೂರಿಸಿದ. ತೊಟ್ಟಿ ಇದ್ದದ್ದು ಪೂರ್ವದ ಕಿಟಕಿಯ ಮುಂದೆ. ಕಿಟಕಿಗೂ ತೊಟ್ಟಿಗೂ ನಡುವೆ ಒಬ್ಬರು ಅಡ್ಡಡ್ಡ ನಿಲ್ಲುವಷ್ಟು ಜಾಗ. ಬೆಳಗಿನ ಬಿಸಿಲು ಬೀಳುವುದು ಆ ಕಡೆಯಿಂದಲೇ, ಈ ಚಿಪ್ಪು ಬದುಕುವುದೂ ಬೆಳಕಿನಿಂದಲೇ. ಹಾಗಾಗಿ ದಾನಪ್ಪ ಅದರ ಬಾಯನ್ನು ಕಿಟಕಿಯ ಕಡೆಗೆ ಮಾಡಿದ. ಸೋಫಾದ ಮೇಲೆ ಕೂತವರಿಗೆ ಕಂಡದ್ದು ಬೂದುಬಣ್ಣದ ಒರಟು ಬೆನ್ನು ಮಾತ್ರ.

“ಇದೇನಯ್ಯಾ, ಮನೆಗೆ ಬಂದವರಿಗೆ ಬೆನ್ನು ತೋರಿಸ್ತಿದೆ!”

“ಅದಕ್ಕ ಬೆಳಕು ಬೇಕ್ರಿ.”

“ಪುಸ್ತಕ ತರ್ತೀನಿ ತಾಳು.” ತಿರುಮಲೇಶ ಒಳಗಿನಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕ ತಂದು ಬಣ್ಣದ ಹಾಳೆಯೊಂದನ್ನು ಬಿಡಿಸಿ ಎಲ್ಲರಿಗೂ ತೋರಿಸಿದ. “ನೋಡು. ಓದೋಕೆ ಬರದಿದ್ರೆ ಬೇಡ, ಚಿತ್ರಾನಾದ್ರೂ ನೋಡು. ಮುಂದಕ್ಕೆ ಮುಖ ಮಾಡಿಕೊಂಡು ಹೇಗೆ ಕೂತಿದೆ!”

“ಅದು ಮುಂದ ಮಾರಿ ಮಾಡಿಲ್ರಿ ಸಾಹೇಬ್ರ. ಫೋಟೋ ತೆಗೆದಾವ ಅದರ ಮುಂದ ಹೋಗಿ ನಿಂತಾನ.”

ಈ ಸಲ ಕಮಿಟಿ ಯಾರ ಮುಖವನ್ನೂ ನೋಡದೆ ನಕ್ಕಿತು. ಮರುಕ್ಷಣವೇ ತಪ್ಪು ತಿಳಿದು ಲೋಟಗಳ ತಳ ನೋಡತೊಡಗಿತು. ತಿರುಮಲೇಶ ಪುಸ್ತಕ ಮುಚ್ಚಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶಾಮಲಾ ಸೆರಗಿನ ತುದಿಯಿಂದ ಬಾಯಿ ಒತ್ತಿಕೊಂಡಳು.

ದಾನಪ್ಪ ಹೋಗುವಾಗ ಹೇಳಬೇಕಾದದ್ದನ್ನು ಹೇಳಿಯೇ ಹೋದ. ಈ ಚಿಪ್ಪು ತನ್ನ ಕಾಲಿನಿಂದ ರೇಷ್ಮೆಯಂಥ ಎಳೆ ಬಿಟ್ಟು ಕಲ್ಲನ್ನು ಹಿಡಿಯುತ್ತದೆ. ಹಿಡಿಯಲು ಎಂಟು-ಹತ್ತು ದಿನವಾದರೂ ಬೇಕು. ಅಲ್ಲಿಯತನಕ ಯಾರೂ ಮುಟ್ಟಬಾರದು. ಹಿಡಿದದ್ದನ್ನು ಯಾರಾದರೂ ಕಿತ್ತರೆ ಕಾಲು ಹರಿಯುತ್ತದೆ, ಕಾಲು ಹರಿದರೆ ಸಾಯುತ್ತದೆ.

“ಆಯ್ತು ಪ್ರೊಫೆಸರ್ ಸಾಹೇಬರೇ” ಅಂದ ತಿರುಮಲೇಶ. ಕಮಿಟಿ ಮತ್ತೆ ನಕ್ಕಿತು.

ಮುಂದಿನ ಭಾನುವಾರ ಅಂಗಡಿಗೆ ರಜೆ. ಯಾರೂ ಕರೆಯದಿದ್ದರೂ ದಾನಪ್ಪ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದ. ಒಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ಚಿಪ್ಪಿನ ಬಾಯಿ, ನೇರ ಸೋಫಾದ ಕಡೆಗೆ. ಬಾಯಿ ಜೋತು ತೆರೆದಿತ್ತು. ಅಂಚಿನ ನೀಲಿ ಮುದುಡಿ ಒಳಕ್ಕೆ ಸರಿದಿತ್ತು. ಮೇಲೆ ಕೈ ಆಡಿಸಿದರೆ ಎಷ್ಟೋ ಹೊತ್ತಿನ ಮೇಲೆ, ನಿದ್ದೆಗಣ್ಣಿನವನ ಹಾಗೆ, ಅರ್ಧ ಮುಚ್ಚಿತು.

“ಯಾರು ತಿರುಗ್ಸಿದ್ರು?”

ತಿರುಮಲೇಶ ಮನೆಯಲ್ಲಿರಲಿಲ್ಲ. ಶಾಮಲಾ ತಗ್ಗಿದ ದನಿಯಲ್ಲಿ ಹೇಳಿದಳು. “ದಿನಾ ಬೆಳಗ್ಗೆ ಪೂಜೆ ಮುಗಿಸಿ ಬಂದು ತಿರುಗಿಸ್ತಾರಪ್ಪ. ಮಾರನೇ ದಿನ ನೋಡಿದ್ರೆ ಅದು ಮತ್ತೆ ಕಿಟಕಿ ಕಡೆ ತಿರುಗಿರುತ್ತೆ. ಮತ್ತೆ ಇವರು ತಿರುಗಿಸ್ತಾರೆ. ನೆನ್ನೆಗೆ ಐದು ಸಲ ಆಯ್ತು. ‘ನೋಡೇಬಿಡ್ತೀನಿ ಇದರ ಹಟಾನ’ ಅಂತಾರೆ.”

ತಿರುಮಲೇಶನದು ಆಫೀಸಿನಲ್ಲಿ ಮುನ್ನೂರು ಜನರನ್ನು ಈ ಖುರ್ಚಿಯಿಂದ ಆ ಖುರ್ಚಿಗೆ ಎತ್ತಿ ಹಾಕಿ ರೂಢಿಯಾದ ಕೈ. ಅಂಗೈಯಗಲದ ಚಿಪ್ಪೊಂದು ತನ್ನ ಮಾತು ಮೀರುತ್ತದೆಂದರೆ ಆ ಕೈಗೆ ನಿದ್ದೆ ಬಂದೀತೆ? ತಲೆಯಿಲ್ಲದ, ಕಿವಿಯಿಲ್ಲದ ಪ್ರಾಣಿಯ ಜೊತೆ ಐದು ದಿನ ಜಿದ್ದಿಗೆ ಬಿದ್ದಿದ್ದ ಡಬಲ್ ಗ್ರ್ಯಾಜುಯೇಟು! ಕಲ್ಲಿನ ಮೇಲೆ ಹರಿದ ಎಳೆಗಳು ಬಾಚಣಿಗೆಗೆ ಸಿಕ್ಕ ಕೂದಲಿನಂತೆ ಅಂಟಿಕೊಂಡಿದ್ದವು. ದಾನಪ್ಪ ಅವನ್ನು ನೋಡಿ ಹಲ್ಲು ಕಚ್ಚಿದ.

“ಸಾಯ್ತದೇನು?” ಶಾಮಲಾ ಕೇಳಿದಳು.

“ಕಾಲು ಪೂರಾ ಹರಿದಿಲ್ರಿ ವೈನಿ. ಇನ್ನೊಮ್ಮೆ ಕಿತ್ತರ ಮುಗೀತು. ಹಳೇ ಪೇಪರ್ ಕೊಡ್ರಿ.”

ಚಿಪ್ಪನ್ನು ಮತ್ತೆ ಕಿಟಕಿಯ ಕಡೆ ಮಾಡಿ, ಅತ್ತಿತ್ತ ವಾಲದಂತೆ ಎರಡು ಸಣ್ಣ ಕಲ್ಲು ಆನಿಸಿದ. ಆಮೇಲೆ, ಬೆಳಕು ಒಂದೇ ಕಡೆಯಿಂದ ಬೀಳಲೆಂದು, ತೊಟ್ಟಿಯ ಮೂರು ಮಗ್ಗುಲಿಗೂ ಪೇಪರು ಅಂಟಿಸಿದ. ಕಿಟಕಿಯ ಕಡೆಯ ಗಾಜನ್ನು ಮಾತ್ರ ಹಾಗೇ ಬಿಟ್ಟ. ಇನ್ನು ಉಳಿದದ್ದು ಮುಚ್ಚಳ. ಸಾಗವಾನಿ ಮುಚ್ಚಳ, ಮೀನಿಗೆ ತಿಂಡಿ ಉದುರಿಸಲು ಎರಡು ಬೆರಳಿನಷ್ಟು ಕಿಂಡಿ, ಒಂದು ಪುಟ್ಟ ಬೀಗ. ನೆಂಟರ ಮಕ್ಕಳು ಕೈ ಹಾಕಬಾರದೆಂದು ತಿರುಮಲೇಶನೇ ಹೇಳಿ ಮಾಡಿಸಿದ್ದು. ಶಾಮಲಾ ಆ ಬೀಗದತ್ತ ನೋಡಿದಳು, ದಾನಪ್ಪನತ್ತ ನೋಡಿದಳು. ಮುಚ್ಚಳ ಇಳಿಸಿ ಬೀಗ ಒತ್ತಿ, ಕೀಲಿಯನ್ನು ಅಕ್ಕಿಡಬ್ಬದಲ್ಲಿ ಹುಗಿದಳು.

“ಕೇಳಿದ್ರೆ ನೀನು ತಗೊಂಡು ಹೋದೆ ಅಂತೀನಿ. ಬೈಸಿಕೊಳ್ತೀಯಾ?”

“ಬೈಸಿಕೊಂಡ ಬಂದೀನ್ರಿ ಈತನಕ. ಅಂದುಬಿಡ್ರಿ.”

ಬೈಗುಳ ಮರುದಿನವೇ ಗ್ರಾಂಟ್ ರೋಡಿನ ಅಂಗಡಿಗೆ ಫೋನಿನಲ್ಲಿ ಬಂತು. ಸೇಠ್ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದೇ ಕೇಳಿದ. ಕಳ್ಳ, ಪುಂಡ, ಘಾಟಿ, ಒಂದೊಂದೂ ಗಲ್ಲಾಪೆಟ್ಟಿಗೆಯಾಚೆ ನಿಂತ ದಾನಪ್ಪನಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಅರೇ ದಾನ್ಯಾ, ಸಾಹೇಬ್ ಕೀ ಚಾಬಿ ಕಾಯ್ಕು ಲೇಕೆ ಆಯಾ ರೇ? ಪಾಗಲ್ ಹೈ ಕ್ಯಾ?”

ಸಾಹೇಬರ ಕೀಲಿ ಯಾಕೆ ತಂದೆಯೆಂದು ಸೇಠನಿಂದಲೂ ಬೈಸಿಕೊಳ್ಳುತ್ತ ದಾನಪ್ಪ ಟಬ್ಬು ತೊಳೆಯತೊಡಗಿದ. ತಿರುಮಲೇಶ ತನ್ನ ಸಾಗವಾನಿ ಮುಚ್ಚಳವನ್ನು ತಾನೇ ಒಡೆಯುವವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಂಥವರಿಗೆ ಜೀವಕ್ಕಿಂತ ಪಾಲಿಶ್ ದೊಡ್ಡದು.

ಗುರುವಾರ ಇನ್ನೊಂದು ಫೋನು ಬಂತು. ಶಾಮಲಾ ಗಾಬರಿಯಾಗಿದ್ದಳು.

“ದಾನಪ್ಪ, ಅದು ಕಲ್ಲಿನ ಮೇಲಿಲ್ಲ! ಕೆಳಗೆ ಬಿದ್ದುಹೋಗಿದೆ!”

“ಎಲ್ಲೈತಿ ನೋಡ್ರಿ. ಕಿಟಕಿ ಕಡೆ ಹೋಗಿ ನೋಡ್ರಿ.”

ಸ್ವಲ್ಪ ಹೊತ್ತು ಬರೀ ಫೋನಿನ ಗೊರಗೊರ. ಆಮೇಲೆ ಏದುಸಿರು. “ಇದೆ, ಇದೆ! ಆ ದೊಡ್ಡ ಹವಳದ ಬಂಡೆಯ ಬುಡಕ್ಕೆ ಹೋಗಿ ಸೇರಿಕೊಂಡಿದೆ. ಕಿಟಕಿ ಮಗ್ಗುಲಿಗೆ. ಎತ್ತಿ ಮೇಲಿಡಬೇಕಾ?”

“ಕೈ ಹಚ್ಚಬ್ಯಾಡ್ರಿ ವೈನಿ. ಅದು ಬಿದ್ದಿಲ್ಲ, ನಡಕೊಂಡು ಹೋಗೈತಿ. ಎಲ್ಲಿ ಬೇಕೋ ಅಲ್ಲಿ ಕೂಡ್ಲಿ.”

“ನಡೆಯುತ್ತಾ ಇದು?”

“ನಮ್ಮಂಗ ಅಲ್ರಿ. ಇದ್ದಲ್ಲಿ ಸರಿ ಬರದಿದ್ರ ಎದ್ದು ಹೋಗತೈತಿ.”

ಶಾಮಲಾ ಫೋನ್ ಇಟ್ಟಳು.

ಹತ್ತು ದಿನ ಕಳೆದು ಬಂದ ಭಾನುವಾರ ನೀರು ಬದಲಿಸುವ ಸರದಿ. ದಾನಪ್ಪ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಎರಡು ಕ್ಯಾನು ಸಮುದ್ರದ ನೀರು ಇಟ್ಟುಕೊಂಡು ಬಂದು, ಮೂರು ಮಾಳಿಗೆ ಹತ್ತಿ, ಬಾಗಿಲಲ್ಲಿ ಇಳಿಸಿದ. ಒಳಗೆ ಮತ್ತದೇ ಕಮಿಟಿ. ತಿರುಮಲೇಶ ಎದ್ದು ನಿಂತು ಕೈ ಚಾಚಿದ.

“ಬಂದ್ರು, ಬಂದ್ರು! ಕೊಡಪ್ಪ ನನ್ನ ಮನೆ ಕೀಲಿ. ನನ್ನ ದುಡ್ಡಿನ ಟ್ಯಾಂಕಿಗೆ ಪೇಪರ್ ಸುತ್ತಿ, ಬೀಗ ಹಾಕಿಕೊಂಡು ಹೋಗಿದ್ದಾನೆ, ಕೇಳಿದಿರಾ?”

ಶಾಮಲಾ ಕಾಫಿಯ ತಟ್ಟೆ ಹಿಡಿದು ದಾನಪ್ಪನ ಮುಂದಿನಿಂದಲೇ ಹಾದಳು. ತಟ್ಟೆಯ ಅಡಿಯಿಂದ ಕೀಲಿ ಅವನ ಅಂಗೈಗೆ ಬಂತು, ಒಂದು ಅಕ್ಕಿಕಾಳಿನ ಸಮೇತ. ಅವನು ಬೀಗ ತೆಗೆದ, ಪೇಪರು ಹರಿದ. ಕಮಿಟಿ ಸೋಫಾದಿಂದಲೇ ಕತ್ತು ಉದ್ದ ಮಾಡಿತು.

“ಎಲ್ಲಿ?”

“ಯಾವುದು?”

“ಇದು ಬಂಡೆಯಲ್ವೇನ್ರೀ?”

ದಾನಪ್ಪ ಅವರಿಗೆ ಕಿವಿಗೊಡದೆ ಕಿಟಕಿಯ ಸಂದಿಗೆ ಹೋದ. ಬಿಸಿಲು ಓರೆಯಾಗಿ ಗಾಜಿನೊಳಗೆ ಇಳಿದಿತ್ತು. ಬಂಡೆಯ ಬುಡದಲ್ಲಿ ಚಿಪ್ಪು ಬಾಯಿ ಅಗಲಿಸಿ, ನೀಲಿಯನ್ನು ಎರಡೂ ಕಡೆ ತುಂಬ ಚೆಲ್ಲಿಕೊಂಡು ಕೂತಿತ್ತು. ಅವನು ಕೈ ಇಳಿಸಿ, ಹಿಂದಿನಿಂದ ಒಂದು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದ. ಮಿಸುಕಲಿಲ್ಲ. ಇನ್ನೊಂದು ಸಲ ಒತ್ತಿದ. ಇಬ್ಬರು ಆಳು ಸೇರಿ ಇಳಿಸಿದ್ದ ಆ ಬಂಡೆಯ ಜೊತೆ ಅದು ಒಂದಾಗಿತ್ತು. ಹಿಡಿದಿತ್ತು, ಗಟ್ಟಿಯಾಗಿ ಹಿಡಿದಿತ್ತು. ತನ್ನ ಖುಷಿಯನ್ನು ಈ ಜನರಿಗೆ ತೋರಿಸಲು ದಾನಪ್ಪನಿಗೆ ಮನಸ್ಸಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಹಳೇ ನೀರು ತೆಗೆದು, ಕ್ಯಾನಿನ ನೀರನ್ನು ಮೆಲ್ಲಗೆ ತುಂಬಿಸಿದ.

“ತಿರುಗಿಸು ಅದನ್ನ” ಅಂದ ತಿರುಮಲೇಶ.

“ಇನ್ನ ತಿರುಗೂದಿಲ್ರಿ. ಬಂಡೆಗಲ್ಲು ಹಿಡಿದೈತಿ. ಕಿತ್ತರ ನಿಮ್ಮ ಕೈಯಾಗ ಸಾಯ್ತೈತಿ, ಇಷ್ಟು ಮಂದಿ ಮುಂದ.”

ತಿರುಮಲೇಶ ಅಂಗಿಯ ತೋಳು ಮಡಚುತ್ತ ಮುಂದೆ ಬಂದ. ಶಾಮಲಾ ತಟ್ಟೆ ಕೆಳಗಿಟ್ಟು ತೊಟ್ಟಿಗೆ ಅಡ್ಡ ನಿಂತಳು. “ಬೇಡ ಅಂದ್ರೆ” ಅಂದಳು ಅಷ್ಟೆ. ಎಂಟು ಜನರ ಎದುರಿಗೆ ಹೆಂಡತಿಯನ್ನು ಪಕ್ಕಕ್ಕೆ ಸರಿಸುವ ವಿದ್ಯೆಯನ್ನು ಸಿಂಗಾಪುರದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮಡಚಿದ ತೋಳು ಹಾಗೇ ನಿಂತಿತು.

ಅಷ್ಟರಲ್ಲಿ ಕೇಶವಮೂರ್ತಿ ಪಂಚೆ ಎತ್ತಿಕಟ್ಟಿ, ಹೊಟ್ಟೆ ಒಳಗೆಳೆದುಕೊಂಡು ಕಿಟಕಿಯ ಸಂದಿಗೆ ನುಗ್ಗಿದ್ದ. “ಅಬ್ಬಬ್ಬಾ!” ಅಂದ. “ಬನ್ರೀ ಇಲ್ಲಿ! ಎಂಥಾ ಬಣ್ಣ ಅಂತೀರಿ!” ಒಬ್ಬೊಬ್ಬರಾಗಿ ಎದ್ದರು, ಒಬ್ಬರ ಬೆನ್ನಿಗೊಬ್ಬರು ಸಾಲು ಹಿಡಿದರು. ಸೋಫಾ ಖಾಲಿಯಾಯಿತು. ಶಾಮಲಾ ಮುಚ್ಚಳ ಇಳಿಸಿ, ಬೀಗ ಒತ್ತಿ, ಕೀಲಿಯನ್ನು ಈ ಸಲ ಎಲ್ಲರೂ ನೋಡುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಾಲ್‌ನ ನಡುವೆ ಒಬ್ಬನೇ ಉಳಿದ ತಿರುಮಲೇಶ ದಾನಪ್ಪನ ಕಡೆ ತಿರುಗಿದ. ದನಿ ಏರಿತ್ತು, ಆದರೆ ಮೊದಲಿನ ಜೋರು ಇರಲಿಲ್ಲ.

“ನನ್ನ ಮನೇಲಿ ನಾನು ಕ್ಯೂ ನಿಂತು, ಆ ಸಂದೀಲಿ ತೂರಿಕೊಂಡು ಇದನ್ನ ನೋಡಬೇಕೇನಯ್ಯಾ?”

ದಾನಪ್ಪ ಅವನನ್ನು ಒಮ್ಮೆ ಮೇಲಿನಿಂದ ಕೆಳಗಿನತನಕ ನೋಡಿದ. ಖಾಲಿ ಕ್ಯಾನುಗಳನ್ನು ಎತ್ತಿಕೊಂಡು, ಬಾಗಿಲಾಚೆ ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದು ಹೋದ.